ಹುಡುಗಿಯರ ಹಾಡು, ಗಂಡಸರ ಶೋಧ

ಕಳೆದುಹೋದದ್ದನ್ನು ಹುಡುಕಿ ತಂದವರನ್ನು ಮೆಚ್ಚಬೇಕಾದ್ದೇ. ಆದರೆ ಅದು ಮೊದಲು ಯಾರದಾಗಿತ್ತು, ಅದನ್ನು ಕಸವೆಂದು ಕರೆದವರು ಯಾರು ಎಂದು ಕೇಳದೆ, ಹುಡುಕಿದವರ ಕೊರಳಿಗೆ ಮಾತ್ರ ಹಾರ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಈ ಜಗಳ ನನ್ನ ತಲೆಗೆ ಹೊಕ್ಕದ್ದು ಇಂಗ್ಲೆಂಡಿನ ಒಂದು ಅಂಗಡಿಯಲ್ಲಿ.

ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹೋಗಿದ್ದೆ. ಅಲ್ಲಿಯ ಜನ ತಮಗೆ ಬೇಡವಾದ ಬಟ್ಟೆ, ಪಾತ್ರೆ, ಪುಸ್ತಕಗಳನ್ನು ಧರ್ಮಾರ್ಥದ ಅಂಗಡಿಗಳಿಗೆ ಕೊಟ್ಟುಬಿಡುತ್ತಾರೆ. ಅಂಥದೊಂದು ಅಂಗಡಿಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ, ಅದರ ತುಂಬ ಏಳು ಅಂಗುಲದ ಗ್ರಾಮಫೋನ್ ರೆಕಾರ್ಡುಗಳು. ನಿಮಿಷಕ್ಕೆ 45 ಸುತ್ತು, ಮಗ್ಗುಲಿಗೊಂದು ಹಾಡು. ಅವರು ಅದನ್ನು ಸಿಂಗಲ್ ಎನ್ನುತ್ತಾರೆ. ನರೆತ ಗಡ್ಡದ ಗಂಡಸೊಬ್ಬರು ಒಂದೊಂದನ್ನೇ ಬೆಳಕಿಗೆ ಹಿಡಿದು ಗೀರು ಬಿದ್ದಿದೆಯೇ ಎಂದು ನೋಡುತ್ತಿದ್ದರು. ನಾನು ಬಗ್ಗಿ ನೋಡಿದ್ದೇ ತಡ, “ಇವು ಗ್ಲಾಮ್ ರಾಕ್. ಆ ಕಾಲದಲ್ಲಿ ಇವುಗಳ ಬೆಲೆ ಯಾರಿಗೂ ತಿಳಿಯಲಿಲ್ಲ” ಎಂದು ಪಾಠ ಶುರು ಮಾಡಿದರು. ಗಲ್ಲಾದ ಹಿಂದೆ ಕುಳಿತಿದ್ದ, ಅರವತ್ತು ದಾಟಿದ ಹೆಂಗಸು ಬಟ್ಟೆ ಮಡಿಸುತ್ತಲೇ ಹೇಳಿದರು: “ನಮಗೆ ತಿಳಿದಿತ್ತಲ್ಲ. ನಮ್ಮನ್ನು ಯಾರು ಕೇಳಿದರು?”

ಆ ಮಾತು ನನ್ನನ್ನು ಬಿಡಲಿಲ್ಲ. ಮಗಳ ಕೈಲಿ ಹಾಡುಗಳನ್ನು ಹಾಕಿಸಿಕೊಂಡು ಕೇಳಿದೆ, ಸಿಕ್ಕಿದ್ದನ್ನು ಓದಿದೆ.

1971ರ ಮಾರ್ಚಿನಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಮುಖಕ್ಕೆ ಮಿನುಗುಪುಡಿ ಹಚ್ಚಿಕೊಂಡು ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ ‘ಹಾಟ್ ಲವ್’ ಹಾಡಿದ. ಮರುವರ್ಷ ಡೇವಿಡ್ ಬೋವೀ ಅದೇ ವೇದಿಕೆಯಲ್ಲಿ ‘ಸ್ಟಾರ್‌ಮ್ಯಾನ್’ ಹಾಡಿದ. ಸ್ಲೇಡ್, ಸ್ವೀಟ್, ಮಡ್ ಮೊದಲಾದ ತಂಡಗಳು ಸಾಲಾಗಿ ಬಂದವು. ಗಂಡಸರಿಗೆ ಸ್ಯಾಟಿನ್ ಉಡುಪು, ಗೇಣೆತ್ತರದ ಅಟ್ಟೆಯ ಬೂಟು. ನೆಲ ಕುಟ್ಟುವ ತಾಳ, ಚಪ್ಪಾಳೆ, ಯಾರು ಬೇಕಾದರೂ ಕೂಗಬಹುದಾದ ಪಲ್ಲವಿ. 1973ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಿಂದ ಬಂದಿದ್ದ ಸೂಜಿ ಕ್ವಾಟ್ರೊ ಎಂಬಾಕೆ ಹೆಗಲಿಗೆ ಬೇಸ್ ಗಿಟಾರ್ ಏರಿಸಿಕೊಂಡು ‘ಕ್ಯಾನ್ ದ ಕ್ಯಾನ್’ ಹಾಡಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಳು.

ಸುಖದ ಕಾಲವೇನಲ್ಲ ಅದು. 1972ರಲ್ಲಿ ಗಣಿ ಕಾರ್ಮಿಕರ ಮುಷ್ಕರ, ಮನೆಮನೆಯಲ್ಲೂ ಕತ್ತಲೆ. 1974ರ ಜನವರಿಯಿಂದ ಮಾರ್ಚಿನವರೆಗೆ ಕರೆಂಟು ಉಳಿಸಲು ಕಾರ್ಖಾನೆಗಳಿಗೆ ವಾರದಲ್ಲಿ ಮೂರೇ ದಿನ ಕೆಲಸ. ಅಂಥ ಕಾಲದಲ್ಲಿ ಹನ್ನೆರಡು, ಹದಿನಾಲ್ಕು ವರ್ಷದ ಹುಡುಗಿಯರು ಕೈಖರ್ಚಿನ ಕಾಸು ಕೂಡಿಟ್ಟು, ಸುಮಾರು ಐವತ್ತು ಪೆನ್ಸ್ ತೆತ್ತು ಒಂದು ಸಿಂಗಲ್ ಕೊಂಡು ತರುತ್ತಿದ್ದರು. ತಿಂಗಳಿಗೆ ಒಂದೋ ಎರಡೋ ಕೊಳ್ಳಬಲ್ಲವಳು ಎಷ್ಟು ಅಳೆದು ಸುರಿದು ಆರಿಸಿರಬೇಡ! ಪಂಡಿತರು ಅದನ್ನು ಅಭಿರುಚಿ ಎನ್ನಲಿಲ್ಲ. ‘ಟೀನಿಬಾಪರ್’ ಎಂದು ಹೆಸರಿಟ್ಟು ನಕ್ಕರು. ಹುಡುಗಿಯರು ಕಿರಿಚಿದರೆ ಸಾಕು, ಆ ಹಾಡು ಹಗುರ ಎಂದು ತೀರ್ಮಾನ.

ಈ ಯಶಸ್ಸು ಕಂಡ ರೆಕಾರ್ಡು ಕಂಪನಿಗಳು ಸಿಕ್ಕ ಸಿಕ್ಕ ತಂಡಗಳಿಗೆಲ್ಲ ಮಿನುಗು ಬಳಿದು ಸಿಂಗಲ್ ಹೊರಡಿಸಿದವು. ಎಷ್ಟೋ ಹಾಡುಗಳು ಬಂದ ಸುಳಿವೇ ಇಲ್ಲದೆ ಹೋದವು. ಸ್ಕಾಟ್ಲೆಂಡಿನ ಐರನ್ ವರ್ಜಿನ್ ತಂಡ 1974ರಲ್ಲಿ ಪಾಲ್ ಮೆಕಾರ್ಟ್ನಿಯ ‘ಜೆಟ್’ ಹಾಡನ್ನು ಹೊರತಂದರೆ, ಮೆಕಾರ್ಟ್ನಿಯ ವಿಂಗ್ಸ್ ತಂಡವೇ ಅದನ್ನು ಸಿಂಗಲ್ ಮಾಡಿಬಿಟ್ಟಿತು, ಇವರದು ಮುಳುಗಿತು. ಅದೇ ವರ್ಷದ ಅವರ ‘ರೆಬೆಲ್ಸ್ ರೂಲ್’, 1973ರಲ್ಲಿ ಬಂದ ಹೆಕ್ಟರ್ ತಂಡದ ‘ವೈರ್ಡ್ ಅಪ್’, ಎಲ್ಲ ಗುಜರಿ ಅಂಗಡಿ ಸೇರಿದವು.

ಮೂವತ್ತು ವರ್ಷದ ಮೇಲೆ ಅವಕ್ಕೆ ಶುಕ್ರದೆಸೆ. ಬಾಬ್ ಸ್ಟ್ಯಾನ್ಲಿ ಮತ್ತು ಫಿಲ್ ಕಿಂಗ್ ಆರಿಸಿದ ಇಪ್ಪತ್ತು ಹಾಡುಗಳ ‘ವೆಲ್ವೆಟ್ ಟಿನ್‌ಮೈನ್’ ಸಂಕಲನ 2003ರಲ್ಲಿ ಬಂತು. ಈ ಹಾಡುಗಳಿಗೆ ‘ಜಂಕ್‌ಶಾಪ್ ಗ್ಲಾಮ್’, ಅಂದರೆ ಗುಜರಿ ಗ್ಲಾಮ್ ಎಂಬ ಹೆಸರೂ ನಿಂತಿತು. ಬೋವೀಯ ‘ವೆಲ್ವೆಟ್ ಗೋಲ್ಡ್‌ಮೈನ್’ ಚಿನ್ನದ ಗಣಿಯಾದರೆ ಇದು ತವರದ ಗಣಿ ಎಂಬ ತಮಾಷೆ. ತವರವನ್ನು ಅಗೆದು ತೆಗೆದರು, ಸರಿ. ಆ ಹಾಡುಗಳ ತವರನ್ನು ಯಾರೂ ವಿಚಾರಿಸಲಿಲ್ಲ.

ಹಾಡುಗಳ ಮೇಲೆ ನನಗೆ ಸಿಟ್ಟಿಲ್ಲ. ‘ರೆಬೆಲ್ಸ್ ರೂಲ್’ ಕೇಳಿ ಈ ವಯಸ್ಸಿನಲ್ಲೂ ನನ್ನ ಕಾಲು ತಾಳ ಹಾಕಿತು. ನನ್ನ ತಕರಾರು ಬೇರೆ. ಹುಡುಗಿಯರು ಮೆಚ್ಚಿ ಗೆಲ್ಲಿಸಿದ ಹಾಡು ಇವತ್ತಿಗೂ ಮಾಮೂಲು. ಅವರ ಕೈಗೆ ಸಿಗದೆ ಸೋತ ಹಾಡು ಅಪರೂಪದ ರತ್ನ. ಮೊದಲನೆಯದು ಪೆಟ್ಟಿಗೆಯಲ್ಲಿ ಒಂದು ಪೌಂಡಿಗೆ ಬಿದ್ದಿರುತ್ತದೆ, ಎರಡನೆಯದಕ್ಕೆ ಸಂಗ್ರಾಹಕರು ನೂರು ಪೌಂಡಿಗೂ ಮೀರಿ ತೆರುತ್ತಾರೆ. 2019ರಲ್ಲಿ ಬಂದ ಅರವತ್ತು ಹಾಡುಗಳ ಸಂಕಲನದ ಹೆಸರು ‘ಆಲ್ ದ ಯಂಗ್ ಡ್ರೂಗ್ಸ್’. ಡ್ರೂಗ್ ಎಂದರೆ ಆಂಥೊನಿ ಬರ್ಜೆಸ್‌ನ ಕಾದಂಬರಿಯಲ್ಲಿ ಬರುವ ಪುಂಡ ಹುಡುಗರ ಗುಂಪಿನ ಗೆಳೆಯ. ನೋಡಿ, ಹುಡುಗಿಯರಿಗೆಂದು ತಯಾರಾದ ಹಾಡು ಪುಂಡರ ಹಾಡಾದ ಮೇಲೆ ಅದಕ್ಕೆ ಮರ್ಯಾದೆ ಬಂತು!

“ಆ ಸೋತ ರೆಕಾರ್ಡುಗಳನ್ನು ಹುಡುಗಿಯರೂ ಕೊಳ್ಳಲಿಲ್ಲವಲ್ಲ, ಅವರಿಗೇನು ಹಕ್ಕು?” ಎಂದು ಕೇಳಬಹುದು. ಕೊಂಡದ್ದೂ ಕೊಳ್ಳದೆ ಬಿಟ್ಟದ್ದೂ ಅವರ ವಿವೇಚನೆಯೇ. ಅವರ ಕಿವಿಯನ್ನು ನಂಬಿಯೇ ಇಡೀ ಉದ್ಯಮ ನಡೆದಿತ್ತು. 1976ರಲ್ಲೇ ಏಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್ ಎಂಬ ಇಬ್ಬರು ಮಹಿಳೆಯರು ಇದನ್ನು ಬರೆದಿದ್ದರು: ಯುವಜನರ ಸಂಸ್ಕೃತಿ ಎಂದು ವಿದ್ವಾಂಸರು ಅಧ್ಯಯನ ಮಾಡುವುದು ಬೀದಿಯ ಹುಡುಗರನ್ನು, ಹುಡುಗಿಯರ ಸಂಸ್ಕೃತಿ ಮಲಗುವ ಕೋಣೆಯಲ್ಲಿ, ರೆಕಾರ್ಡ್ ಪ್ಲೇಯರಿನ ಸುತ್ತ, ಗೆಳತಿಯರ ನಡುವೆ ಇದೆ, ಆದ್ದರಿಂದ ಅದು ಕಾಣುವುದಿಲ್ಲ ಎಂದು. ಐವತ್ತು ವರ್ಷವಾಯಿತು, ಆ ಕೋಣೆಯ ಬಾಗಿಲನ್ನು ತಟ್ಟಿದವರು ಕಡಿಮೆ.

ಇದು ಬರೀ ಗೌರವದ ಪ್ರಶ್ನೆಯೂ ಅಲ್ಲ. ಆ ಕಾಲದ ದೊಡ್ಡ ತಾರೆ ಗ್ಯಾರಿ ಗ್ಲಿಟರ್‌ಗೆ 2015ರಲ್ಲಿ 16 ವರ್ಷ ಸೆರೆಯಾಯಿತು. 1975ರಿಂದ 1980ರ ನಡುವೆ ಮೂವರು ಹುಡುಗಿಯರ ಮೇಲೆ ನಡೆಸಿದ ಲೈಂಗಿಕ ಅಪರಾಧಗಳಿಗೆ ಆದ ಶಿಕ್ಷೆ ಅದು. ತೀರ್ಪು ಬರಲು ಸುಮಾರು ನಲವತ್ತು ವರ್ಷ ಬೇಕಾಯಿತು. ಹುಡುಗಿಯರ ಮೆಚ್ಚುಗೆ ಕೇಳಿ ನಗುವ ಕಿವಿಗೆ ಅವರ ಅಳುವೂ ಕೇಳಿಸುವುದಿಲ್ಲ. ಹಳೆಯ ಹಾಡುಗಳ ಧೂಳು ಕೊಡವುವವರು ಇದನ್ನು ಮರೆತರೆ ಅದು ಅರ್ಧ ಶೋಧ.

ಇಷ್ಟೆಲ್ಲ ಅನ್ನುವ ನಾನೇನು ಸಾಚಾ? ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಸಿನಿಮಾ ಹಾಡುಗಳನ್ನು ಕಂಡೆ. ದುಂಡಗಿನ ಅಕ್ಷರ, ಸುತ್ತ ಹೂಬಳ್ಳಿ. “ಓದುವ ಹುಡುಗಿಯ ಲಕ್ಷಣವೇನೇ ಇದು?” ಎಂದು ತರಗತಿಯೆದುರೇ ಹಾಳೆ ಹರಿದೆ. ಅವಳು ಅಳಲಿಲ್ಲ, ತಲೆ ತಗ್ಗಿಸಿದಳು. ಎಷ್ಟೋ ವರ್ಷದ ಮೇಲೆ, ಟಾಕೀಸುಗಳಲ್ಲಿ ಮಾರುತ್ತಿದ್ದ ಹಳೆಯ ಹಾಡಿನ ಪುಸ್ತಕಗಳನ್ನು ಒಬ್ಬ ಮಹನೀಯರು ಸಂಗ್ರಹಿಸಿದ್ದಾರೆಂದು ಊರವರು ಸನ್ಮಾನ ಮಾಡಿದಾಗ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವಳೂ ನಾನೇ. ಆಗ ಆ ಹುಡುಗಿ ನೆನಪಿಗೇ ಬರಲಿಲ್ಲ. ಅವಳನ್ನು ನೆನಪಿಸಲು ಇಂಗ್ಲೆಂಡಿನ ಗಲ್ಲಾದ ಹೆಂಗಸು ಬೇಕಾಯಿತು.

ಊರಿಗೆ ಹೊರಡುವ ಮುನ್ನ ಮತ್ತೆ ಆ ಅಂಗಡಿಗೆ ಹೋಗಿ, “ನಿಮ್ಮ ರೆಕಾರ್ಡುಗಳು ಏನಾದವು?” ಎಂದು ಆಕೆಯನ್ನು ಕೇಳಿದೆ. “ಮದುವೆಯಾಗಿ ಹೋದ ಮೇಲೆ ಅಮ್ಮ ಯಾರಿಗೋ ಕೊಟ್ಟುಬಿಟ್ಟಳು” ಎಂದರು. ಆಮೇಲೆ ಕುರ್ಚಿ ಎಳೆದು ಕೂರಿಸಿ, ಯಾವ ಹಾಡು ಯಾಕೆ ಇಷ್ಟವೆಂದು ಅರ್ಧ ಗಂಟೆ ಹೇಳಿದರು. ತಾಳ ಎಲ್ಲಿ ನಿಲ್ಲುತ್ತದೆ, ಚಪ್ಪಾಳೆ ಎಲ್ಲಿ ಸೇರುತ್ತದೆ, ಎಲ್ಲ ಬಾಯಿಪಾಠ. ಗಡ್ಡದವರಿಗಿಂತ ಚೆನ್ನಾಗಿಯೇ ಪಾಠ ಮಾಡಿದರು.

ಈಗ ನನ್ನ ತರಗತಿಯಲ್ಲಿ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಡು ಕಂಡರೆ ನಾನು ಹರಿಯುವುದಿಲ್ಲ. “ಯಾಕೆ ಇಷ್ಟ, ಹೇಳು” ಎಂದು ಕೇಳುತ್ತೇನೆ. ಮೊದಲು ಹೆದರುತ್ತಾರೆ. ಸ್ವಲ್ಪ ಹೊತ್ತು ಕಾದರೆ ಹೇಳುತ್ತಾರೆ.