ಟಿಕ್ ಟಿಕ್ ಸದ್ದಿಗೆ ಗುಜರಿಯೇ ಮದ್ದೇ?

ಪುಣೆಯ ಚಳಿಗಾಲದ ಬೆಳಗಿನಲ್ಲಿ ನನ್ನ ಹಳೆಯ ಮಾರುತಿ 800 ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಹತ್ತು ನಿಮಿಷ ಓಡಿಸಿದರೆ ಮಾಯ. ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿದ್ದ ಹುಡುಗ ಬಾನೆಟ್ ಎತ್ತಲೇ ಇಲ್ಲ. ಕಂಪ್ಯೂಟರಿನಲ್ಲಿ ಗಾಡಿಯ ವರ್ಷ ನೋಡಿದ. ಇಂಜಿನ್ ಬಿಚ್ಚಬೇಕಾದೀತು, ಇಷ್ಟು ಹಳೆಯ ಗಾಡಿಗೆ ದುಡ್ಡು ಸುರಿಯುವ ಬದಲು ಎಕ್ಸ್‌ಚೇಂಜ್‌ಗೆ ಕೊಡಿ ಎಂದ.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ರೋಗ ನೋಡದೆ ವಯಸ್ಸು ನೋಡಿ ತೀರ್ಪು ಕೊಡುವ ಪದ್ಧತಿಯ ಮೇಲೆ.

ನಾನಾ ಪೇಟೆ ಪುಣೆಯ ಬಿಡಿಭಾಗಗಳ ಸಂತೆ. ಅಲ್ಲೊಬ್ಬ ಮೆಕ್ಯಾನಿಕ್, ವಿಜಯಪುರ ಕಡೆಯವರು. ಗಾಡಿಯನ್ನು ರಾತ್ರಿಯಿಡೀ ಅಲ್ಲೇ ಬಿಡಿಸಿಕೊಂಡು, ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಇಂಜಿನ್ ಸುತ್ತ ಆಡಿಸಿದರು. "ಇಂಜಿನ್ ಏನೂ ಕೆಟ್ಟಿಲ್ರಿ ಸರ್. ಹೊಗಿ ಹೊರಗ ಹೋಗೋ ದಾರ್ಯಾಗ ಗ್ಯಾಸ್ಕೆಟ್ ಸುಟ್ಟೈತಿ, ಒಂದು ಸ್ಟಡ್ ಮುರದೈತಿ. ಅಷ್ಟ." ಕಪ್ಪು ಮಸಿಯ ಗೆರೆಯನ್ನೂ ತೋರಿಸಿದರು.

ಇದರಲ್ಲಿ ಮಾಯಮಂತ್ರವಿಲ್ಲ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಕದ ಕಬ್ಬಿಣ. ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ವರ್ಷಗಟ್ಟಲೆ ಕಾದು ತಣಿದು ಎಳೆದಾಡಿದ ಮೇಲೆ ಸ್ಟಡ್ ಮುರಿಯುತ್ತದೆ, ಸಂದಿ ಬೀಳುತ್ತದೆ. ಕಾದಾಗ ಲೋಹ ಹಿಗ್ಗಿ ಸಂದಿ ಮುಚ್ಚುವುದರಿಂದ ಸದ್ದು ಅಡಗುತ್ತದೆ. ಅದಕ್ಕೇ ಜನ ಟ್ಯಾಪೆಟ್ ಸದ್ದೆಂದು ಮೋಸಹೋಗುವುದು.

ಅಡಗಿದ ಮಾತ್ರಕ್ಕೆ ಸುಮ್ಮನೆ ಬಿಡುವಂಥದ್ದಲ್ಲ. ಅಲ್ಲಿ ಸೋರುವುದು ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್. ಗಾಳಿಯ ಕಿಂಡಿಯಿಂದ ಕಾರಿನೊಳಗೂ ಬಂದೀತು. ಸಂದಿಯಿಂದ ಒಳನುಗ್ಗುವ ಹೊರಗಾಳಿ ಆಕ್ಸಿಜನ್ ಸೆನ್ಸರನ್ನು ದಾರಿ ತಪ್ಪಿಸುತ್ತದೆ. ಪೆಟ್ರೋಲ್ ಕಡಿಮೆಯಾಯಿತೆಂದು ತಿಳಿದು ಇಸಿಯು ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ರಿಪೇರಿಗೆ ಬೇಕಾದದ್ದು ತಾಳ್ಮೆ. ತುಕ್ಕು ಸಡಿಲಿಸುವ ಎಣ್ಣೆ ಹಾಕಿ ರಾತ್ರಿ ಬಿಡಬೇಕು. ನಟ್ ಅನ್ನು ಒಂದೇ ಸಮನೆ ಎಳೆಯದೆ ಹಿಂದೆ ಮುಂದೆ ತಿರುಗಿಸಬೇಕು. ಮುರಿದ ಸ್ಟಡ್ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿದರೆ ಆ ಶಾಖಕ್ಕೇ ಅದು ಸಡಿಲಾಗಿ ತಿರುಗಿ ಬರುತ್ತದೆ. ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು, ಫೀಲರ್ ಗೇಜ್ ತೂರಿಸಿ, ಬಾಗಿದ್ದರೆ ಫೇಸಿಂಗ್ ಮಾಡಿಸಬೇಕು. ಆಮೇಲೆ ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್. ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಟಾರ್ಕ್ ರೆಂಚಿನಿಂದ ಬಿಗಿತ. ಇವೆಲ್ಲ ಬಿಟ್ಟು ಪೇಸ್ಟ್ ಮೆತ್ತಿ "ಹೋಗ್ರಿ, ಆಯ್ತು" ಎನ್ನುವ ಗ್ಯಾರೇಜಿನವನೂ ಸರ್ವಿಸ್ ಸೆಂಟರಿನಷ್ಟೇ ತಪ್ಪಿತಸ್ಥ. ಒಬ್ಬ ನೋಡದೆ ಎಸೆಯಿರಿ ಎಂದ, ಇನ್ನೊಬ್ಬ ನೋಡದೆ ಮುಚ್ಚಿದ.

ಸರ್ಕಾರವೂ ಬಾನೆಟ್ ಎತ್ತುತ್ತಿಲ್ಲ. ಪಿಯುಸಿ ತಪಾಸಣೆಯಲ್ಲಿ ಸಲಾಕೆ ತೂರಿಸುವುದು ಸೈಲೆನ್ಸರಿನ ಬಾಯಿಗೆ. ಸೋರಿಕೆ ಇರುವುದು ಇಂಜಿನ್ ಪಕ್ಕದಲ್ಲಿ. ಒಳಸೇರಿದ ಹೊರಗಾಳಿ ಹೊಗೆಯನ್ನು ತೆಳುವಾಗಿಸಿ ಅಳತೆ ಕಡಿಮೆ ತೋರುವ ಸಾಧ್ಯತೆಯೂ ಉಂಟು. ಇತ್ತ 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ದೆಹಲಿಯಲ್ಲಿ 2025ರ ಜುಲೈ 1ರಿಂದ ಅವಧಿ ಮೀರಿದ ಗಾಡಿಗಳಿಗೆ ಪೆಟ್ರೋಲ್, ಡೀಸೆಲ್ ಹಾಕಬಾರದೆಂದು ಹೊರಟು, ಕೆಲವೇ ದಿನಗಳಲ್ಲಿ ಹಿಂದೆ ಸರಿಯಬೇಕಾಯಿತು. ಎಲ್ಲೆಡೆ ಪ್ರಶ್ನೆ ಒಂದೇ: ಎಷ್ಟು ವರ್ಷ? ಹೇಗಿದೆ ಎಂದು ಕೇಳುವವರಿಲ್ಲ.

ಹಳೆಯ ಗಾಡಿ ಹೆಚ್ಚು ಹೊಗೆ ಉಗುಳುವುದಿಲ್ಲವೇ ಎನ್ನುತ್ತೀರಿ. ಹೌದು, ಬಿಎಸ್ 6 ಕಾರಿನಷ್ಟು ಶುದ್ಧವಾಗಿರಲು ನನ್ನ 800ಕ್ಕೆ ಸಾಧ್ಯವಿಲ್ಲ. ಚಾಸಿಸ್ ತುಕ್ಕು ಹಿಡಿದ, ಇಂಜಿನ್ ಸವೆದ ಗಾಡಿ ಗುಜರಿಗೆ ಹೋಗಲೇಬೇಕು. ಆದರೆ ಹೊಸ ಕಾರಿನ ಉಕ್ಕು, ಅಲ್ಯೂಮಿನಿಯಂ ಕೂಡ ಕಲ್ಲಿದ್ದಲು ಸುಟ್ಟೇ ಬರುವುದು. ವಾರಕ್ಕೆರಡು ಸಲ ಮಂಡಿಗೆ ಹೋಗಿಬರುವ ಗಾಡಿಯನ್ನು ಒಂದು ಗ್ಯಾಸ್ಕೆಟ್‌ಗಾಗಿ ಎಸೆದರೆ ಯಾವ ಪರಿಸರ ಉಳಿದೀತು?

ಈ ಮಾತು ಪುಣೆಯಲ್ಲೇ ಹೇಳಬೇಕಾಗಿ ಬಂದದ್ದು ವಿಪರ್ಯಾಸ. ದೇಶದ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಕೋಥ್ರೂಡ್ ಗುಡ್ಡದ ಮೇಲಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ ಆಯಿಲ್ ಇಂಜಿನ್ ಕಾರ್ಖಾನೆ ಕಟ್ಟಿದ ಊರಿದು. ಬಿಚ್ಚಿ ನೋಡುವ ಬುದ್ಧಿಯಿಂದ ಬೆಳೆದ ಊರು.

ನಾನು ಕೇಳುವುದು ಹೆಚ್ಚೇನಲ್ಲ. ಬದಲಿಸಿ ಎನ್ನುವ ಮುನ್ನ ಕಾರಣವನ್ನು ಬಿಲ್ಲಿನಲ್ಲಿ ಬರೆಯಲಿ, ಬಿಚ್ಚಿದ ಹಳೆಯ ಭಾಗವನ್ನು ಗಿರಾಕಿಯ ಕೈಗೆ ಕೊಡಲಿ. ಪಿಯುಸಿಗೆ ಬಂದ ಗಾಡಿಯ ಬಾನೆಟ್ ಎತ್ತಿ ಸೋರಿಕೆ ನೋಡಲಿ. ನೀವೂ ನಾಳೆ ಬೆಳಿಗ್ಗೆ ಗಾಡಿಯನ್ನು ಬಯಲಿಗೆ ತಂದು, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಕೇಳಿಸಿದರೆ ಶೋರೂಮಿಗೆ ಫೋನ್ ಮಾಡಬೇಡಿ. ಬಾನೆಟ್ ಎತ್ತುವ ಮೆಕ್ಯಾನಿಕ್ಕನ್ನು ಹುಡುಕಿ.