ಶಸ್ತ್ರಚಿಕಿತ್ಸೆಯ ಭಯಕ್ಕೂ ಚಿಕಿತ್ಸೆ ಬೇಕು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಭತ್ತದ ಗದ್ದೆ, ಕಬ್ಬಿನ ಹೊಲಗಳಲ್ಲಿ ದುಡಿದು ಮಂಡಿ ಸವೆಸಿಕೊಂಡ ಹಿರಿಯರು ಅನೇಕರು. ಆಯುರ್ವೇದವು ಇದನ್ನು ಸಂಧಿಗತವಾತವೆನ್ನುತ್ತದೆ. ಆರಂಭದಲ್ಲಿ ಅಭ್ಯಂಗ, ಸ್ವೇದನ, ಬಸ್ತಿಗಳಿಂದ ನೋವು ತಗ್ಗೀತು. ಎಲುಬಿಗೆ ಎಲುಬು ಉಜ್ಜುವ ಹಂತ ತಲುಪಿದವರಿಗೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯನ್ನೇ ನಾವು ಸೂಚಿಸುತ್ತೇವೆ. ಆಗ ಅಡ್ಡಬರುವುದು ಹಣವೊಂದೇ ಅಲ್ಲ, ಭಯವೂ ಹೌದು.

“ಎಚ್ಚರವಿರುತ್ತದಂತೆ, ಗರಗಸದ ಸದ್ದು ಕೇಳುತ್ತದಂತೆ” ಎಂಬ ಅಂಜಿಕೆ ಪೂರ್ಣ ಸುಳ್ಳಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಸೊಂಟದ ಕೆಳಗೆ ನೋವು ತಿಳಿಯದಿದ್ದರೂ ಕಿವಿ ಕೇಳುತ್ತಲೇ ಇರುತ್ತದೆ. ಮಂಪರಿನ ಔಷಧ ಕೊಡಬಹುದು. ಆದರೆ ಅದು ಹೆಚ್ಚಾದರೆ ವೃದ್ಧರಲ್ಲಿ ಉಸಿರಾಟ ಮಂದವಾಗಬಹುದು, ರಕ್ತದೊತ್ತಡ ಇಳಿಯಬಹುದು.

ಇಲ್ಲಿ ವರ್ಚುವಲ್ ರಿಯಾಲಿಟಿ ನೆರವಾಗಬಲ್ಲದು. ಕಣ್ಣಿಗೆ ಧರಿಸುವ ಸಾಧನದಲ್ಲಿ ರೋಗಿಯು ನದಿ, ಕಾಡು, ಬೆಟ್ಟಗಳನ್ನು ಸುತ್ತಲೂ ಕಾಣುತ್ತಾನೆ. ಅಮೆರಿಕದ ಬೋಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ ಕೈಯ ಶಸ್ತ್ರಚಿಕಿತ್ಸೆಗೆ ಒಳಗಾದ 34 ಮಂದಿಯ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಸಾಧನ ಧರಿಸಿದವರಿಗೆ ಮಂಪರಿನ ಔಷಧವಾದ ಪ್ರೊಪೊಫಾಲ್ ಬಹಳ ಕಡಿಮೆ ಸಾಕಾಯಿತು. ಅಧ್ಯಯನ ಚಿಕ್ಕದು, ಮಂಡಿಯದೂ ಅಲ್ಲ. ಆದರೂ ದಾರಿ ತೋರುವಂಥದು.

ನಮಗಿದು ಪರಕೀಯ ವಿಚಾರವಲ್ಲ. ಚರಕಸಂಹಿತೆಯು ಹೇಳುವ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯವೂ ಒಂದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದೇ ಅದರ ತಿರುಳು. ಇನ್ನೊಬ್ಬರ ಆಸರೆಯಿಂದ ನೋವನ್ನು ತಾಳಿಕೊಳ್ಳುವ ಮಧ್ಯಮಸತ್ತ್ವದವರನ್ನೂ ಚರಕರು ಗುರುತಿಸಿದ್ದಾರೆ. ಅಂಥವರಿಗೆ ಈ ಸಾಧನವೂ ಒಂದು ಆಸರೆಯಾದೀತು.

ಆದರೆ ಕೆಲವು ಎಚ್ಚರಿಕೆಗಳು ಅಗತ್ಯ. ಇದು ಅರಿವಳಿಕೆಗೆ ಬದಲಿಯಲ್ಲ; ಅರಿವಳಿಕೆ ತಜ್ಞರು ಪಕ್ಕದಲ್ಲಿರಲೇಬೇಕು. ತಲೆಸುತ್ತು, ವಾಕರಿಕೆ, ಮೂರ್ಛೆರೋಗ, ತೀವ್ರ ದೃಷ್ಟಿದೋಷವುಳ್ಳವರು ಮೊದಲೇ ತಿಳಿಸಬೇಕು. ಬೇಡವೆಂದ ಕ್ಷಣವೇ ಸಾಧನವನ್ನು ತೆಗೆಯಬೇಕು. ಅದರೊಳಗಿನ ಮಾತು ಕನ್ನಡದಲ್ಲಿರಬೇಕು. ಅರಿಯದ ಭಾಷೆ, ಕಂಡರಿಯದ ಹಿಮಪರ್ವತಕ್ಕಿಂತ ರಂಗನತಿಟ್ಟಿನ ಹಕ್ಕಿಗಳೂ ಕಾವೇರಿಯ ಹರಿವೂ ನಮ್ಮ ಹಿರಿಯರಿಗೆ ಹೆಚ್ಚು ನೆಮ್ಮದಿ ತಂದಾವು. ಇದರ ಹೆಸರಿನಲ್ಲಿ ಬಿಲ್ಲು ಬೆಳೆಯಲೂ ಬಾರದು.

ಸಾಧನವಿಲ್ಲದ ಆಸ್ಪತ್ರೆಯಲ್ಲಿಯೂ ಭಯವನ್ನು ತಗ್ಗಿಸಬಹುದು. ಏನು ನಡೆಯಲಿದೆ, ಯಾವ ಸದ್ದು ಕೇಳೀತು ಎಂಬುದನ್ನು ವೈದ್ಯರು ಮುಂಚಿತವಾಗಿ ವಿವರಿಸಲಿ. ಮಕ್ಕಳು “ಸುಮ್ಮನಿರಿ, ಏನೂ ಆಗದು” ಎಂದು ತಂದೆತಾಯಿಯರ ಬಾಯಿ ಮುಚ್ಚಿಸದೆ, ಅವರ ಅಂಜಿಕೆಯನ್ನು ಕುಳಿತು ಕೇಳಲಿ. ಮಂಡಿಯ ನೋವಿನಷ್ಟೇ ಮನಸ್ಸಿನ ಭಯವೂ ನಿಜವೆಂದು ಮನೆಯವರು ಒಪ್ಪಿದಲ್ಲಿ ಚಿಕಿತ್ಸೆ ಅಲ್ಲಿಂದಲೇ ಆರಂಭವಾದಂತೆ.