ಧ್ವನಿಸುರುಳಿ ಎಳೆದಾಡಿದಾಗ

ಲಿಂಗೈಕ್ಯರಾದ ತಾಯಿಯವರು ಶ್ರಾವಣದ ಪ್ರವಚನದಲ್ಲಿ ಹಾಡಿದ ವಚನಗಳ ಕ್ಯಾಸೆಟ್ ಮನೆಯಲ್ಲಿದೆಯೆಂದೂ, ಹಳೆಯ ಟೂ-ಇನ್-ಒನ್‌ಗೆ ಹಾಕಿದರೆ ಧ್ವನಿ ಎಳೆದೆಳೆದು ಬರುವುದೆಂದೂ ಕುಂಸಿಯ ಓದುಗರೊಬ್ಬರು ನಮಗೆ ಬರೆದಿದ್ದಾರೆ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದ ಸುರುಳಿ ಕೆಟ್ಟರೆ ಮತ್ತೊಂದು ಪ್ರತಿ ಎಲ್ಲಿಯಾದರೂ ದೊರೆತೀತು. ತಾಯಿಯ ಕಂಠಕ್ಕೆ ಬೇರೆ ಪ್ರತಿಯಿಲ್ಲ. ಆದುದರಿಂದ ಯಂತ್ರ ಸರಿಯಾಗುವವರೆಗೆ ಆ ಸುರುಳಿಯನ್ನು ಅದರೊಳಗೆ ಇಡಲೇಬಾರದು. ಪರೀಕ್ಷೆಗೆ, ಹಾಳಾದರೂ ಯಾರೂ ಮರುಗದ ಸಿನಿಮಾ ಹಾಡಿನ ಕ್ಯಾಸೆಟ್ ಸಾಕು.

ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗಬೇಕು. ಈ ನಡೆಯನ್ನು ಕಾಯುವುದು ತಿರುಗುವ ಒಂದು ಸಣ್ಣ ಉಕ್ಕಿನ ಕಡ್ಡಿ, ಅದಕ್ಕೆ ಒತ್ತಿಕೊಂಡ ರಬ್ಬರ್ ಗಾಲಿ. ಮೋಟಾರಿನ ಬಲವನ್ನು ಆ ಕಡ್ಡಿಗೆ ತಲುಪಿಸುವುದು ರಬ್ಬರಿನ ಬೆಲ್ಟು. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ಬೆಲ್ಟು ಸಡಿಲಾಗುತ್ತದೆ. ಕೆಲವೊಮ್ಮೆ ಕರಗಿ ಡಾಂಬರಿನಂತಾಗುತ್ತದೆ. ಧ್ವನಿ ಎಳೆದಾಡಿದರೆ ಮೊದಲ ಸಂಶಯ ಇದರ ಮೇಲೆಯೇ. ಹೊಸ ಬೆಲ್ಟು ಅದೇ ಅಳತೆಯದಾಗಿರಲಿ. ಧ್ವನಿ ಮಂಕಾಗಿದ್ದರೆ ಹೆಡ್ಡಿನ ಮೇಲೆ ಟೇಪಿನ ಕಂದು ಪುಡಿ ಕುಳಿತಿರುತ್ತದೆ. ವಿದ್ಯುತ್ತಿನ ತಂತಿ ಕಳಚಿ, ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಟೇಪನ್ನು ನುಂಗುವ ಯಂತ್ರದಲ್ಲಿ ರಬ್ಬರ್ ಗಾಲಿ ಅಂಟಾಗಿರಬಹುದು, ಇಲ್ಲವೆ ಟೇಪನ್ನು ಸುತ್ತಿಕೊಳ್ಳಬೇಕಾದ ಚಕ್ರ ತಿರುಗದಿರಬಹುದು.

ನಮ್ಮ ಮಲೆನಾಡಿನ ಸೆರಗಿನಲ್ಲಿ ಮಳೆಗಾಲದ ತೇವವೂ ಸೇರಿಕೊಳ್ಳುತ್ತದೆ. ಕ್ಯಾಸೆಟ್ಟಿನ ಕಿಂಡಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ನುಡಿಸಬೇಡಿ. ಅದು ಯಂತ್ರಕ್ಕೂ, ಅಲ್ಲಿಂದ ಉಳಿದ ಸುರುಳಿಗಳಿಗೂ ಹಬ್ಬುತ್ತದೆ. ಅದನ್ನು ತಿಳಿದವರ ಕೈಗೆ ಕೊಡುವುದೇ ಲೇಸು.

ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಹೆಡ್ಡಿನ ಪಕ್ಕದ ಸಣ್ಣ ತಿರುಪು ಅದರ ಓರೆಯನ್ನು ನಿಶ್ಚಯಿಸುತ್ತದೆ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ಕಾರ್ಯಕ್ರಮಗಳನ್ನೂ ಮನೆಯವರ ಹಾಡುಗಳನ್ನೂ ಟೂ-ಇನ್-ಒನ್‌ನಲ್ಲಿ ಹಿಡಿದಿಟ್ಟವರು ನಮ್ಮ ಸೀಮೆಯಲ್ಲಿ ಬಹಳ. ಆ ಯಂತ್ರದ ಹೆಡ್ಡು ಓರೆಯಿದ್ದರೆ ದಾಖಲೆಯೂ ಅದೇ ಓರೆಯಲ್ಲಿರುತ್ತದೆ; ಬೇರೆ ಒಳ್ಳೆಯ ಯಂತ್ರದಲ್ಲಿ ಅದೇ ಧ್ವನಿ ಕಂಬಳಿ ಹೊದ್ದಂತೆ ಕೇಳಿಸುತ್ತದೆ. ಆದ್ದರಿಂದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮಾತು ಬೇಡ, ಆ ತಿರುಪನ್ನು ಕುತೂಹಲಕ್ಕೆ ತಿರುಗಿಸುವುದೂ ಬೇಡ.

ಎಲ್ಲವೂ ಸರಿಯಾದ ಮೇಲೆ ಕ್ಯಾಸೆಟ್ಟಿನ ಬೆನ್ನಿನ ಎರಡೂ ಚಿಕ್ಕ ಪ್ಲಾಸ್ಟಿಕ್ ಎಸಳುಗಳನ್ನು ಮುರಿಯಿರಿ. ಮಕ್ಕಳು ಕೆಂಪು ಗುಂಡಿ ಒತ್ತಿದರೂ ಹಳೆಯದು ಅಳಿಯದು. ಮೊದಲ ಸಲ ನುಡಿಸುವಾಗಲೇ ಇಯರ್‌ಫೋನ್ ಕಿಂಡಿಯಿಂದ ತಂತಿ ಕೊಟ್ಟು ಕಂಪ್ಯೂಟರಿನಲ್ಲಿ ದಾಖಲಿಸಿಕೊಳ್ಳಿ. 60 ಎಂದು ಬರೆದ ಕ್ಯಾಸೆಟ್ಟಿಗೆ ಪಕ್ಕಕ್ಕೆ 30 ನಿಮಿಷ, ನಡುವೆ ನಿಲ್ಲಿಸಬೇಡಿ. ಹಾಡಿನ ಹಿಂದೆ ಕೂಸಿನ ಅಳು, ಪಾತ್ರೆಯ ಸದ್ದು ಕೇಳಿಬಂದರೆ ಕತ್ತರಿಸದೆ ಹಾಗೆಯೇ ಇರಗೊಡಿ.